ತುಂಗಭದ್ರೆಯ ಶರತ್ಕಾಲ

ಹಂಪೆಯ ಚರಿತ್ರೆಯನ್ನು ನಾವು ಕಲ್ಲಿನಲ್ಲಿ ಓದುತ್ತ ಬಂದಿದ್ದೇವೆ. ಅರಸರು ಬಿಟ್ಟ ದತ್ತಿ, ಎತ್ತಿಸಿದ ಗೋಪುರ, ಗೆದ್ದ ಕಾಳಗ, ಇವೆಲ್ಲ ಶಾಸನಗಳಲ್ಲಿ ಉಂಟು. ಆ ಕಲ್ಲುಗಳ ನಡುವೆಯೇ ಹರಿಯುವ ತುಂಗಭದ್ರೆಯನ್ನು ನಂಬಿ ಬದುಕಿದ ಬೆಸ್ತರ, ಅಂಬಿಗರ ಮಾತು ಅಲ್ಲಿ ವಿರಳ. ಅವರ ಕಸುಬಿನ ಮುಖ್ಯ ಕಾಲವಾದ ಶರದೃತುವನ್ನು ಹಿಡಿದು, ಆ ಚರಿತ್ರೆಯ ಕೆಲವು ಎಳೆಗಳನ್ನು ತಮ್ಮ ಮುಂದಿಡಬೇಕೆಂಬುದು ನನ್ನ ಉದ್ದೇಶ.

ಹೊಸಪೇಟೆ, ಕಂಪ್ಲಿಗಳದು ಹೆಚ್ಚು ಮಳೆಯ ಸೀಮೆಯಲ್ಲ. ಇಲ್ಲಿಯ ಹೊಳೆಗೆ ನೆರೆ ಬರುವುದು ದೂರದ ಸಹ್ಯಾದ್ರಿಯಲ್ಲಿ ಮುಂಗಾರು ಸುರಿದಾಗ. ಆಷಾಢ ಶ್ರಾವಣಗಳಲ್ಲಿ ಕೆಂಪಾಗಿ ಉಕ್ಕುವ ನೀರಿಗೆ ಎದುರಾಗಿ ಮೀನುಗಳು ಮೊಟ್ಟೆಯಿಡಲು ಮೇಲಕ್ಕೆ ಏರುತ್ತವೆ. ಆಗ ಹರಿಗೋಲು ದಡದಲ್ಲಿ ಬೋರಲಾಗಿ ಬಿದ್ದಿರುತ್ತದೆ. ಆಶ್ವಯುಜ ಕಾರ್ತಿಕಗಳಲ್ಲಿ ನೆರೆ ಇಳಿದು ನೀರು ತಿಳಿಯಾಗುತ್ತದೆ. ಬಂಡೆಗಳ ನಡುವಣ ಮಡುಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಸೆಳವಿಗೆ ಕೂಳಿ, ಆಳದ ಮಡುವಿಗೆ ಗಾಳ, ತೆಳುನೀರಿಗೆ ಬೀಸುಬಲೆ ಎಂದು ಉಪಕರಣಗಳು ಬೇರೆಯಾಗುವುದು ಈ ಕಾಲದಲ್ಲಿಯೇ.

ಈ ಸೀಮೆಯಲ್ಲಿ ಇನ್ನೊಂದು ಶರತ್ಕಾಲವೂ ಉಂಟು. ಹೊಳೆ ಇಳಿಯುವ ಹೊತ್ತಿಗೆ ಇಲ್ಲಿಯದೇ ಆದ ಮಳೆ ಬರುತ್ತದೆ; ಬಳ್ಳಾರಿ ಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಮಳೆಯ ತಿಂಗಳುಗಳು. ಉತ್ತರೆ, ಹಸ್ತ, ಚಿತ್ತೆಗಳು ಹದವಾಗಿ ಬಂದರೆ ಸಂಡೂರಿನ ಬೆಟ್ಟಗಳ ನೀರು ನಾರಿಹಳ್ಳವಾಗಿ ಹರಿದು ದರೋಜಿ ಕೆರೆಯನ್ನು ಸೇರುತ್ತದೆ. ಹೀಗೆ ಹೊಳೆಯ ನೀರು ಇಳಿಯುತ್ತಿದ್ದಾಗ ಕೆರೆಯ ನೀರು ಏರುತ್ತಿರುತ್ತದೆ. ಹೊಳೆಯ ಬೇಟೆ ಈಗ, ಕೆರೆಯ ಬೇಟೆ ಬೇಸಿಗೆಯಲ್ಲಿ ನೀರು ಬತ್ತಿದಾಗ. ಎರಡು ನೀರುಗಳ ಈ ಹೊಂದಾಣಿಕೆಯೇ ಬೆಸ್ತರ ಪಂಚಾಂಗ.

ಇವರ ಸುಳಿವು ಚರಿತ್ರೆಗೆ ದೊರೆತದ್ದು ಪರದೇಶದವರಿಂದ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡವಿನ ದೋಣಿಗಳನ್ನು ಕಂಡು ಬೆರಗಾದ. ಅವು ಬುಟ್ಟಿಯಂತೆ ದುಂಡಗಿದ್ದುವು. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದುವು. ನೇರವಾಗಿ ಹೋಗಲಾರದೆ ಸುತ್ತುತ್ತಲೇ ಸಾಗುತ್ತಿದ್ದುವು ಎಂದು ಅವನು ಬರೆದಿದ್ದಾನೆ. ಅವನ ನಂತರ, 1535ರ ಸುಮಾರಿಗೆ ಇಲ್ಲಿದ್ದ ನೂನಿಜ್ ಪೇಟೆಯನ್ನು ವರ್ಣಿಸುತ್ತ, ಬೇಟೆಯ ಪ್ರಾಣಿಪಕ್ಷಿಗಳನ್ನು ಜೀವಂತವಾಗಿಯೇ ಮಾರಬೇಕಾಗಿತ್ತೆಂದೂ, ಹೊಳೆಯ ಮೀನು ಹೇರಳವಾಗಿತ್ತೆಂದೂ ಹೇಳುತ್ತಾನೆ. ಈ ಬರಹಗಳನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. 1565ರ ಸೋಲಿನ ಅನಂತರ ಆ ಪೇಟೆ ಹಾಳಾಯಿತು, ಅರಮನೆ ಬಿದ್ದಿತು. ಹರಿಗೋಲು ಉಳಿಯಿತು. ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಮರು ಬಂದಿವೆ. ಆಕಾರ, ಹುಟ್ಟು, ಸುತ್ತುವ ರೀತಿ ಪಾಯಸ್ ಕಂಡವೇ.

ವಿಜಯನಗರದ ಅರಸರೂ ಈ ಹೊಳೆಗೆ ಅಡ್ಡಗಟ್ಟಿದವರೇ. ತುರ್ತು, ರಾಯ, ಬಸವಣ್ಣ ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತವೆ. ಆದರೆ ಅವರದು ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿದ ತಗ್ಗಾದ ಒಡ್ಡು. ನೆರೆ ಬಂದಾಗ ನೀರು ಅದರ ಮೇಲೆ ಹಾಯುತ್ತಿತ್ತು. ಆ ನೀರಿನೊಡನೆ ಮೀನಿಗೂ ದಾರಿಯಿತ್ತು. 1945ರಲ್ಲಿ ಅಡಿಗಲ್ಲಿಟ್ಟು 1953ರಲ್ಲಿ ಮುಗಿದ ಹೊಸಪೇಟೆಯ ಅಣೆಕಟ್ಟು ಐವತ್ತು ಮೀಟರಿಗೆ ಸಮೀಪದ ಎತ್ತರದ್ದು. ಅದನ್ನು ಹತ್ತಿ ಹೋಗಬಲ್ಲ ಮೀನಿಲ್ಲ.

ಅಣೆಕಟ್ಟು ಎಷ್ಟೋ ಒಣನೆಲವನ್ನು ಹಸುರು ಮಾಡಿದೆಯೆಂಬುದನ್ನು ನಾನು ಮರೆತಿಲ್ಲ. ಅದರ ಹಿಂದೆ ನಾರಾಯಣದೇವರಕೆರೆಯಂತಹ ಊರುಗಳು ಮುಳುಗಿ ಸಮುದ್ರದಂತಹ ಜಲರಾಶಿ ನಿಂತಿತು. ಕಟ್ಲ, ರೋಹು ಮೊದಲಾದ ಉತ್ತರದ ಮೀನುಗಳನ್ನು ತಂದು ಬಿಟ್ಟು, ಹೊಸದೊಂದು ಮೀನುಗಾರಿಕೆಯೇ ಬೆಳೆಯಿತು. ಅಣೆಕಟ್ಟಿನ ಕೆಳಗೆ, ಹಂಪೆಯಿಂದ ಕಂಪ್ಲಿಯವರೆಗೆ, ಕಥೆ ಬೇರೆ. ಒಳಹರಿವು ಕಡಮೆಯಾದೊಡನೆ ಗೇಟುಗಳು ಮುಚ್ಚುತ್ತವೆ, ನೀರು ಕಾಲುವೆಗಳ ಪಾಲಾಗುತ್ತದೆ. ಹಿಂದೆ ವಾರಗಟ್ಟಲೆ ಮೆಲ್ಲಮೆಲ್ಲನೆ ಇಳಿಯುತ್ತಿದ್ದ ಹೊಳೆ ಈಗ ಬೇಗನೆ ಸಣ್ಣಗಾಗುತ್ತದೆ. ಮೇಲೆ ಮಳೆಯಾಗಿ ಗೇಟು ತೆರೆದರೆ ಒಮ್ಮೆಗೇ ಉಕ್ಕಿ ಕಂಪ್ಲಿಯ ಸೇತುವೆಯನ್ನೂ ಮುಳುಗಿಸುತ್ತದೆ. ನಕ್ಷತ್ರ ನೋಡಿ ಬಲೆ ಬೀಸುತ್ತಿದ್ದವರು ಈಗ ಗೇಟಿನ ಸುದ್ದಿಗೆ ಕಿವಿಗೊಡಬೇಕಾಗಿದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ, ಕೆಳಗಿನ ದಡದವರ ಬದುಕು ಎಷ್ಟು ಸಣ್ಣ ಕೊಂಡಿಗೆ ತೂಗಿಕೊಂಡಿದೆಯೆಂಬುದು ಎಲ್ಲರಿಗೂ ತಿಳಿಯಿತು.

ಇದೇ ಹರಿವಿನ 34 ಕಿಲೋಮೀಟರು ಉದ್ದವನ್ನು, ಮುದ್ಲಾಪುರದಿಂದ ಕಂಪ್ಲಿಯವರೆಗೆ, 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಸರ್ಕಾರ ಘೋಷಿಸಿತು. ಬಲೆ ಹರಿದು ಮೀನು ಕದಿಯುವ ಈ ಪ್ರಾಣಿಯ ಮೇಲೆ ಬೆಸ್ತನಿಗೆ ಸಿಟ್ಟಿರುವುದು ಸಹಜ. ಆದರೆ ಇಬ್ಬರಿಗೂ ಬೇಕಾದುದು ಒಂದೇ: ಶರತ್ಕಾಲದಲ್ಲಿ ನೀರು ನಿಂತ ಮಡು, ಅದರಲ್ಲಿ ಮೀನು. ನೀರುನಾಯಿಗಾಗಿ ಹೊಳೆಯನ್ನು ಕಾಯುವೆವೆಂದು ಬರೆದುಕೊಟ್ಟಿದ್ದೇವೆ. ಗೇಟು ಮುಚ್ಚುವ ಮುನ್ನ ಹೊಳೆಗೆಷ್ಟು ನೀರು ಬಿಡಬೇಕೆಂಬ ಲೆಕ್ಕದಲ್ಲಿ, ಐದು ನೂರು ವರ್ಷ ಹರಿಗೋಲನ್ನು ಉಳಿಸಿಕೊಂಡು ಬಂದವನಿಗೂ ಒಂದು ಮಾತು ಸಲ್ಲಬೇಕು.