ವೈದ್ಯಕೀಯ ಪರವಾನಗಿ ಪರೀಕ್ಷೆ ಮತ್ತು ಸಂಖ್ಯಾಶಾಸ್ತ್ರ: ಓದಬೇಕೆ, ಬಿಡಬೇಕೆ?

ಅಮೆರಿಕದಲ್ಲಿ ವೈದ್ಯರಾಗಲು ಎಂ.ಡಿ. ಪದವೀಧರರು ಯುಎಸ್‌ಎಂಎಲ್‌ಇ ಎಂಬ ಪರವಾನಗಿ ಪರೀಕ್ಷೆಯಲ್ಲಿ ಪಾಸಾಗಬೇಕು. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ ರೆಸಿಡೆನ್ಸಿಗೆಂದು ಅಲ್ಲಿಗೆ ಹೊರಡುವವರಿಗೂ ಇದೇ ಹಾದಿ. ಮೊದಲ ಹಂತವಾದ ಸ್ಟೆಪ್ 1ರಲ್ಲಿ ಹೆಚ್ಚೆಂದರೆ 280 ಪ್ರಶ್ನೆಗಳಿರುತ್ತವೆ. ಸಂಖ್ಯಾಶಾಸ್ತ್ರ ಮತ್ತು ಎಪಿಡೆಮಿಯಾಲಜಿಯ ಪಾಲು ಶೇ. 4ರಿಂದ 6, ಎಂದರೆ ಸುಮಾರು 11ರಿಂದ 17 ಪ್ರಶ್ನೆ. 2022ರ ಜನವರಿ 26ರಿಂದ ಈ ಹಂತಕ್ಕೆ ಅಂಕವೂ ಇಲ್ಲ, ಪಾಸು ಇಲ್ಲವೇ ಫೇಲು ಅಷ್ಟೆ. ಪೆಥಾಲಜಿ, ಫಾರ್ಮಕಾಲಜಿಗಳೇ ಬೆಟ್ಟದಷ್ಟು ಬಾಕಿಯಿರುವ ವಿದ್ಯಾರ್ಥಿಗೆ ಇದನ್ನು ಬಿಟ್ಟರೇನು ಎನಿಸುವುದು ಸಹಜ. ಆದರೆ ಬಿಡಬಾರದು ಎಂಬುದು ಈ ಲೇಖನದ ವಾದ.

ಪರೀಕ್ಷೆಯ ದೃಷ್ಟಿಯಿಂದಲೇ ನೋಡಿದರೂ ಈ ವಿಷಯ ಸ್ಟೆಪ್ 1ಕ್ಕೆ ಮುಗಿಯುವುದಿಲ್ಲ. ಕೊನೆಯ ಹಂತವಾದ ಸ್ಟೆಪ್ 3ರ ಮೊದಲ ದಿನ ಸಂಖ್ಯಾಶಾಸ್ತ್ರ ಹಾಗೂ ವೈದ್ಯಕೀಯ ಸಾಹಿತ್ಯದ ವಿಶ್ಲೇಷಣೆಗೆ ಶೇ. 11ರಿಂದ 13ರಷ್ಟು ಪಾಲಿದೆ. ಓದಬೇಕಾದ ಪರಿಕಲ್ಪನೆಗಳೂ ಬೆರಳೆಣಿಕೆಯವು.

ಇದಕ್ಕಿಂತ ಗಂಭೀರವಾದುದು ರೋಗಿಯ ಪ್ರಶ್ನೆ. 1978ರಲ್ಲಿ ಕ್ಯಾಸೆಲ್ಸ್ ಮತ್ತು ಸಂಗಡಿಗರು ಹಾರ್ವರ್ಡ್‌ನ ಬೋಧನಾ ಆಸ್ಪತ್ರೆಗಳಲ್ಲಿ 60 ವೈದ್ಯರು ಹಾಗೂ ವಿದ್ಯಾರ್ಥಿಗಳ ಮುಂದೆ ಒಂದು ಸಣ್ಣ ಲೆಕ್ಕ ಇಟ್ಟರು. ಸಾವಿರಕ್ಕೆ ಒಬ್ಬರಲ್ಲಿರುವ ರೋಗ. ಅದನ್ನು ಪತ್ತೆಹಚ್ಚುವ ಪರೀಕ್ಷೆಯ ಹುಸಿ ಪಾಸಿಟಿವ್ ಪ್ರಮಾಣ ಶೇ. 5. ಯಾರ ರೋಗಲಕ್ಷಣಗಳ ಬಗ್ಗೆ ನಮಗೆ ಏನೂ ಗೊತ್ತಿಲ್ಲವೋ ಅಂಥ ವ್ಯಕ್ತಿಯೊಬ್ಬರ ಪರೀಕ್ಷೆ ಪಾಸಿಟಿವ್ ಬಂದರೆ, ನಿಜಕ್ಕೂ ರೋಗವಿರುವ ಸಾಧ್ಯತೆ ಎಷ್ಟು? ಅತಿ ಹೆಚ್ಚು ಮಂದಿ ಕೊಟ್ಟ ಉತ್ತರ ಶೇ. 95. ಸರಿಯುತ್ತರ ಕೊಟ್ಟವರು 11 ಮಂದಿ. ಇಂಥದೇ ಪ್ರಶ್ನೆಯನ್ನು 2014ರಲ್ಲಿ ಬಾಸ್ಟನ್‌ನಲ್ಲಿ 61 ಮಂದಿಗೆ ಕೇಳಿದಾಗಲೂ ಸರಿಯಾಗಿ ಹೇಳಿದವರು 14 ಮಂದಿಯಷ್ಟೆ. ನಡುವೆ ಮೂರೂವರೆ ದಶಕ ಕಳೆದಿತ್ತು.

ಲೆಕ್ಕವನ್ನು ಶೇಕಡಾದಿಂದ ತಲೆಗಳ ಎಣಿಕೆಗೆ ಇಳಿಸಿದರೆ ಗೊಂದಲ ಕರಗುತ್ತದೆ. ಸಾವಿರ ಜನರಲ್ಲಿ ರೋಗಿ ಒಬ್ಬರು; ಪರೀಕ್ಷೆ ಅವರನ್ನು ತಪ್ಪದೆ ಹಿಡಿಯಿತು ಎನ್ನೋಣ. ಉಳಿದ 999 ಆರೋಗ್ಯವಂತರಲ್ಲಿ ಶೇ. 5, ಎಂದರೆ ಸುಮಾರು 50 ಮಂದಿಗೆ ಹುಸಿ ಪಾಸಿಟಿವ್. ಒಟ್ಟು ಪಾಸಿಟಿವ್ 51, ಅವರಲ್ಲಿ ರೋಗಿ ಒಬ್ಬರೇ: ಶೇ. 2ಕ್ಕೂ ಕಡಿಮೆ. ಅದೇ ಪರೀಕ್ಷೆಯನ್ನು ಸಾವಿರಕ್ಕೆ 100 ಮಂದಿಗೆ ರೋಗವಿರುವ ವಾರ್ಡಿನಲ್ಲಿ ಮಾಡಿ. ನಿಜವಾದ ಪಾಸಿಟಿವ್ 100, ಹುಸಿ 45, ಸಾಧ್ಯತೆ ಶೇ. 69ಕ್ಕೆ ಏರುತ್ತದೆ. ಪರೀಕ್ಷೆ ಬದಲಾಗಲಿಲ್ಲ, ಬದಲಾದದ್ದು ಜನಸಮೂಹ. ಸ್ಟೆಪ್ 1 ಇದೇ ತತ್ತ್ವವನ್ನು ಕೇಳುತ್ತದೆ. ಹೊರರೋಗಿ ವಿಭಾಗದಲ್ಲಿ ವರದಿ ಹಿಡಿದು ಕೂತ ರೋಗಿಯ ಭಯಕ್ಕೆ ಉತ್ತರವೂ ಇದರಲ್ಲೇ ಇದೆ. ಹೀಗೆ ಎಣಿಕೆಯಲ್ಲಿ ಹೇಳಿದರೆ ಸರಿಯುತ್ತರಗಳು ಹೆಚ್ಚುತ್ತವೆ ಎಂದು ಮನೋವಿಜ್ಞಾನಿಗಳಾದ ಗಿಗರೆಂಜರ್ ಮತ್ತು ಹಾಫ್ರಾಗ್ 1995ರಲ್ಲೇ ತೋರಿಸಿದ್ದಾರೆ.

ಮುಂದೆ ಆಸ್ಪತ್ರೆಯಲ್ಲಿ ಕಲಿತುಕೊಂಡರಾಯಿತು ಎಂಬ ಸಮಾಧಾನವೂ ನಿಲ್ಲದು. 2007ರಲ್ಲಿ ಕನೆಕ್ಟಿಕಟ್‌ನ 277 ರೆಸಿಡೆಂಟರ ಸಂಖ್ಯಾಶಾಸ್ತ್ರ ಜ್ಞಾನವನ್ನು ಅಳೆದಾಗ ಸರಾಸರಿ ಸರಿಯುತ್ತರ ಶೇ. 41.4 ಮಾತ್ರ ಇತ್ತು. ಪರವಾನಗಿ ಪರೀಕ್ಷೆಗಾಗಿ ಓದದ್ದನ್ನು ಡ್ಯೂಟಿಯ ದಣಿವಿನ ನಡುವೆ ಓದುವವರು ಕಡಿಮೆ.

ಆದ್ದರಿಂದ ಅಭ್ಯರ್ಥಿಗಳು ಮೇಲಿನಂಥ ಲೆಕ್ಕಗಳ 2×2 ಕೋಷ್ಟಕವನ್ನು (ರೋಗ ಇದೆ/ಇಲ್ಲ, ಪರೀಕ್ಷೆ ಪಾಸಿಟಿವ್/ನೆಗೆಟಿವ್) ಕೈಯಿಂದ ಬರೆದು ಬಿಡಿಸುವುದನ್ನು ತಯಾರಿಯ ಮೊದಲಲ್ಲೇ ರೂಢಿಸಿಕೊಳ್ಳಲಿ. ಪರೀಕ್ಷೆಯಲ್ಲಿ ಪ್ರಶ್ನೆಯೊಂದಕ್ಕೆ ಸಿಗುವುದು ಸರಾಸರಿ 90 ಸೆಕೆಂಡು. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ, ಸಾಪೇಕ್ಷ ಅಪಾಯ, ಪಿ-ಮೌಲ್ಯ, ಅಧ್ಯಯನದ ವಿನ್ಯಾಸ, ಪೂರ್ವಗ್ರಹದ ಬಗೆಗಳು ಇಷ್ಟನ್ನು ಬಿಡುವಂತಿಲ್ಲ. ಟಿ-ಪರೀಕ್ಷೆ, ಕೈ-ವರ್ಗ ಪರೀಕ್ಷೆಗಳನ್ನು ಎಲ್ಲಿ ಬಳಸಬೇಕೆಂದು ತಿಳಿದರೆ ಸಾಕು. ಸೂತ್ರಗಳನ್ನು ಸಾಧಿಸಿ ತೋರಿಸುವ ಪುಟಗಳನ್ನು ಧಾರಾಳವಾಗಿ ಬಿಡಬಹುದು.