ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ: ಒಂದು ಕಾಲದಲ್ಲಿ ಹತ್ತಿರವಿದ್ದ ದಾರಿ

ಕಲಬುರಗಿಯ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮುಗಿಸಿ, ಬೆಳಿಗ್ಗೆ ಹುಮನಾಬಾದ್ ರಸ್ತೆಯ ಬಸ್ ಹಿಡಿದು ಕಮಲಾಪುರದ ಕಡೆ ಊರಿಗೆ ಹೋಗುವ ನರ್ಸುಗಳಿದ್ದಾರೆ. ಹತ್ತು ವರ್ಷ ವಾರ್ಡಿನಲ್ಲಿ ನಿಂತರೆ ಸೊಂಟ ಹೇಳಿದ ಮಾತು ಕೇಳುವುದಿಲ್ಲ. ಆಗ ಬಹಳ ಮಂದಿಗೆ ಒಂದು ಯೋಚನೆ ಬರುತ್ತದೆ: ಎಕ್ಸ್‌ರೇ, ಸ್ಕ್ಯಾನಿಂಗ್ ವಿಭಾಗಕ್ಕೆ ಹೋಗಬಹುದಾ? ಹೋಗಬಹುದು. ಆದರೆ ಮತ್ತೆ ಮೊದಲ ವರ್ಷದ ವಿದ್ಯಾರ್ಥಿಯಾಗಿ ಕೂಡಬೇಕು. ಹತ್ತು ವರ್ಷದ ಅನುಭವಕ್ಕೆ ಅಲ್ಲಿ ಒಂದು ಅಂಕವೂ ಇಲ್ಲ.

ಇದು ಮೊದಲಿನಿಂದ ಹೀಗಿರಲಿಲ್ಲ ನೋಡ್ರಿ.

ಜರ್ಮನಿಯ ವಿಜ್ಞಾನಿ ರಾಂಟ್ಜೆನ್ 1895ರ ನವೆಂಬರ್‌ನಲ್ಲಿ ಈ ಕಿರಣ ಕಂಡುಹಿಡಿದ. ಏನೆಂದು ಗೊತ್ತಿಲ್ಲದ್ದಕ್ಕೆ ‘ಎಕ್ಸ್’ ಎಂದು ಹೆಸರಿಟ್ಟ. ಕನ್ನಡದಲ್ಲಿ ಅದು ‘ಕ್ಷ-ಕಿರಣ’ ಆಯಿತು. ಡಿಸೆಂಬರ್‌ನಲ್ಲಿ ಹೆಂಡತಿಯ ಕೈಯ ಚಿತ್ರ ತೆಗೆದ. ಎಲುಬು, ಬೆರಳಿನ ಉಂಗುರ ಎರಡೂ ಕಂಡವು. ನಮ್ಮ ಕಡೆಯ ಹಿರಿಯರು ಇವತ್ತಿಗೂ ಎಕ್ಸ್‌ರೇಗೆ ‘ಫೋಟೋ’ ಎನ್ನುತ್ತಾರಲ್ಲ, ಅದು ತಪ್ಪೇನಲ್ಲ. ಶುರುವಿನಲ್ಲಿ ಫೋಟೋ ತೆಗೆಯುವವರು, ಕರೆಂಟಿನ ಕೆಲಸ ಬಲ್ಲವರು ಎಲ್ಲರೂ ಈ ಯಂತ್ರಕ್ಕೆ ಕೈ ಹಾಕಿದ್ದರು. ಎರಡು ವರ್ಷ ಕಳೆಯುವುದರೊಳಗೆ ಯಂತ್ರ ಹಿಂದೂಸ್ತಾನಕ್ಕೂ ಬಂತು. 1897-98ರಲ್ಲಿ ವಾಯವ್ಯ ಗಡಿಯ ತಿರಾ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ವೈದ್ಯ ಬೀವರ್ ಗಾಯಾಳುಗಳ ಮೈಯೊಳಗಿನ ಗುಂಡು ಹುಡುಕಲು ಇದನ್ನು ಬಳಸಿದ.

ಯಂತ್ರ ನಡೆಸುವುದು ಒಂದು, ನೋವಿನಲ್ಲಿ ಒದ್ದಾಡುವ ಮನುಷ್ಯನನ್ನು ಅದರ ಮುಂದೆ ಅಲುಗಾಡದಂತೆ ಮಲಗಿಸುವುದು ಇನ್ನೊಂದು. ಈ ಎರಡನೆಯ ಕೆಲಸ ಯಾರಿಗೆ ಬರುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಪ್ಯಾರಿಸ್‌ನಲ್ಲಿದ್ದ ಮೇರಿ ಕ್ಯೂರಿ, ಆಗಲೇ ಎರಡು ನೊಬೆಲ್ ಪಡೆದ ಹೆಣ್ಣುಮಗಳು, ಮೋಟಾರು ಗಾಡಿಗಳಲ್ಲಿ ಎಕ್ಸ್‌ರೇ ಯಂತ್ರ ಕೂಡಿಸಿ ರಣರಂಗಕ್ಕೆ ಕಳಿಸಿದರು. ಗಾಡಿಯ ಇಂಜಿನ್ನಿನಿಂದಲೇ ಡೈನಮೊ ತಿರುಗಿ ಕರೆಂಟು ಬರುತ್ತಿತ್ತು. ಅವರು ತಾವೂ ಡ್ರೈವಿಂಗ್ ಕಲಿತರು. ಮಗಳು ಐರೀನ್ 17ರ ಹುಡುಗಿ, ಅವಳೂ ಜೊತೆಗೆ ಹೊರಟಳು. ಗಾಡಿ ಆದವು, ಯಂತ್ರ ಆದವು, ನಡೆಸುವವರೇ ಸಾಲದಾದರು. ಆಗ ಮೇರಿ ಕ್ಯೂರಿ ಮಾಡಿದ ಕೆಲಸ ನಮ್ಮ ವಿಷಯಕ್ಕೆ ಮುಖ್ಯ. ಪ್ಯಾರಿಸ್‌ನ ಎಡಿತ್ ಕ್ಯಾವೆಲ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಇತ್ತು. 1915ರಲ್ಲಿ ಜರ್ಮನರು ಗುಂಡಿಟ್ಟು ಕೊಂದ ಇಂಗ್ಲಿಷ್ ನರ್ಸ್ ಒಬ್ಬಳ ಹೆಸರು ಅದಕ್ಕೆ. ಆ ಶಾಲೆಗೇ ಎಕ್ಸ್‌ರೇ ವಿಭಾಗ ಸೇರಿಸಿದರು. 1916ರಿಂದ 1918ರೊಳಗೆ ಸುಮಾರು 150 ಹೆಣ್ಣುಮಕ್ಕಳು ತಯಾರಾದರು. ಬಹಳ ಮಂದಿಯ ಓದು ಪ್ರಾಥಮಿಕ ಶಾಲೆಯದಷ್ಟೇ. ಸ್ವಲ್ಪ ಪಾಠ, ಬಹಳ ಕೈಕೆಲಸ, ಜೊತೆಗೆ ದೇಹರಚನೆಯ ತಿಳಿವಳಿಕೆ. ಇಷ್ಟರಲ್ಲೇ ಅವರು ಚೆನ್ನಾಗಿ ಕೆಲಸ ಮಾಡಿದರು.

ಅಂದರೆ ಎಕ್ಸ್‌ರೇ ಕಲಿಸುವ ಮೊದಮೊದಲ ಶಾಲೆಗಳಲ್ಲೊಂದು ನರ್ಸಿಂಗ್ ಶಾಲೆಯ ಕಟ್ಟಡದೊಳಗೇ ಇತ್ತು. ಅಮೆರಿಕದಲ್ಲಿ 1922ರಲ್ಲಿ ಎಕ್ಸ್‌ರೇ ತಂತ್ರಜ್ಞರ ನೋಂದಣಿ ಶುರುವಾದಾಗ ಮೊದಲ ಹೆಸರು ಸಿಸ್ಟರ್ ಬಿಯಾಟ್ರಿಸ್ ಮೆರಿಗನ್ ಎಂಬ ಕನ್ಯಾಸ್ತ್ರೀಯದು.

ಹಾಗಾದರೆ ದಾರಿ ಬೇರೆಯಾದದ್ದೇಕೆ? ಒಂದು ಕಾರಣ ನ್ಯಾಯವಾದದ್ದು. ಈ ಕಿರಣ ಕಣ್ಣಿಗೆ ಕಾಣದು, ಮುಟ್ಟಿದರೆ ತಿಳಿಯದು, ಆದರೆ ಮೈ ಸುಡುತ್ತದೆ. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ಸತ್ತ. ಮೇರಿ ಕ್ಯೂರಿ 1934ರಲ್ಲಿ ರಕ್ತದ ಕಾಯಿಲೆಯಿಂದ, ಐರೀನ್ 1956ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಭೌತಶಾಸ್ತ್ರ ತಿಳಿಯದೆ ಈ ಕೋಣೆಗೆ ಹೋಗಬಾರದು ಎಂಬ ಎಚ್ಚರ ಬಂದದ್ದು ಇಂಥ ಸಾವುಗಳಿಂದ. ಮದ್ರಾಸಿನಲ್ಲಿ 1934ರಲ್ಲಿ ಬಾರ್ನಾರ್ಡ್ ರೇಡಿಯಾಲಜಿ ಸಂಸ್ಥೆ ತೆರೆಯಿತು. ದಕ್ಷಿಣ ಭಾರತದಲ್ಲಿ ಇದು ಪ್ರತ್ಯೇಕ ವಿದ್ಯೆಯೆನಿಸಿತು.

ಇನ್ನೊಂದು ಕಾರಣ ಕಾಗದದ್ದು. ನರ್ಸುಗಳಿಗೆ 1947ರಲ್ಲಿ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಎಕ್ಸ್‌ರೇ, ಸ್ಕ್ಯಾನಿಂಗ್ ತಂತ್ರಜ್ಞರಿಗೆ ರಾಷ್ಟ್ರಮಟ್ಟದ ಕಾಯ್ದೆ ಬಂದದ್ದು 2021ರಲ್ಲಿ. 2023ರಲ್ಲಿ ನರ್ಸಿಂಗ್‌ಗೆ ಮತ್ತೆ ಬೇರೆ ಕಾಯ್ದೆ. ಎರಡು ಕಾಯ್ದೆ, ಎರಡು ನೋಂದಣಿ ಪುಸ್ತಕ. ನಡುವೆ ಸೇತುವೆ ಹಾಕಲಿಲ್ಲ.

ಕಲಬುರಗಿ ಈ ಕಥೆಯಲ್ಲಿ ತಡವಾಗಿ ಬರುತ್ತದೆ. 1948ರವರೆಗೆ ನಾವು ನಿಜಾಮನ ಆಳ್ವಿಕೆಯಲ್ಲಿದ್ದೆವು. ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾದದ್ದು 1963ರಲ್ಲಿ. ಸರ್ಕಾರಿ ವೈದ್ಯಕೀಯ ಕಾಲೇಜು ‘ಜಿಮ್ಸ್’ ಬರಲು 2013ರವರೆಗೆ ಕಾಯಬೇಕಾಯಿತು. ಈಗ ನಗರದಲ್ಲಿ ಸಿ.ಟಿ., ಎಂ.ಆರ್.ಐ. ಯಂತ್ರಗಳಿವೆ. ಕೆಂಪು ಬಾಳೆಯ ಊರು ಕಮಲಾಪುರ ತಾಲ್ಲೂಕು ಕೇಂದ್ರವೂ ಆಯಿತು, 2017ರಿಂದ ರೈಲೂ ಓಡುತ್ತಿದೆ. ಆದರೂ ದೊಡ್ಡ ಸ್ಕ್ಯಾನಿಂಗ್ ಎಂದರೆ ಕಲಬುರಗಿಯೇ.

ಅಲ್ಲಿ ಸಿ.ಟಿ. ಕೋಣೆಯ ಒಳಗೆ ಏನು ನಡೆಯುತ್ತದೆ ನೋಡಿ. ಬಣ್ಣದ ಔಷಧ, ಅಂದರೆ ಕಾಂಟ್ರಾಸ್ಟ್, ಕೊಡಲು ರಕ್ತನಾಳಕ್ಕೆ ಸೂಜಿ ಹಾಕಬೇಕು. ಮೊದಲು ಕಿಡ್ನಿ ರಿಪೋರ್ಟ್ ನೋಡಬೇಕು. ಅಲರ್ಜಿಯಾಗಿ ಉಸಿರು ಕಟ್ಟಿದರೆ ತಕ್ಷಣ ಗುರುತಿಸಬೇಕು. ಹೆದರಿದ ಅಜ್ಜಿಗೆ ‘ಏನೂ ಆಗಂಗಿಲ್ಲ ಯವ್ವಾ, ಸುಮ್ನ ಮಲಕೋ’ ಎಂದು ಧೈರ್ಯ ಹೇಳಬೇಕು. ಇದೆಲ್ಲ ವಾರ್ಡಿನಲ್ಲಿ ಕಲಿತ ವಿದ್ಯೆ. ಅದಕ್ಕೆ ಒಂದಿಷ್ಟು ರಿಯಾಯಿತಿ ಕೊಟ್ಟು, ಭೌತಶಾಸ್ತ್ರ ಮತ್ತು ಯಂತ್ರದ ಪಾಠವನ್ನಷ್ಟೇ ಕಲಿಸುವ ಸೇತುವೆ ಕೋರ್ಸ್ ಮಾಡಿದರೆ ಯಾರಿಗೂ ನಷ್ಟವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಹೋಗುವ ಮನಸ್ಸಿದ್ದವರು ಕೆಲವು ವಿಷಯ ತಿಳಿದಿರಬೇಕು. ಸೊಂಟಕ್ಕೆ ಪೂರ್ತಿ ಬಿಡುವು ಸಿಗುತ್ತದೆ ಎಂದುಕೊಳ್ಳಬೇಡಿ. ಸ್ಟ್ರೆಚರ್‌ನಿಂದ ರೋಗಿಯನ್ನು ಎತ್ತಿ ಟೇಬಲ್ ಮೇಲೆ ಮಲಗಿಸುವ ಕೆಲಸ ಅಲ್ಲಿಯೂ ಇದೆ. ವಿದೇಶದಲ್ಲಿ ನರ್ಸುಗಳು ಹೊಟ್ಟೆ ಸ್ಕ್ಯಾನಿಂಗ್ ಕಲಿತು ಮಾಡುತ್ತಾರೆಂದು ಯೂಟ್ಯೂಬ್‌ನಲ್ಲಿ ನೋಡಿರುತ್ತೀರಿ. ಇಲ್ಲಿ ಹೆಣ್ಣುಭ್ರೂಣ ಹತ್ಯೆ ತಡೆಯಲು ತಂದ 1994ರ ಕಾಯ್ದೆಯಿಂದಾಗಿ ಅರ್ಹ ವೈದ್ಯರೇ ಅದನ್ನು ಮಾಡಬೇಕು. ನಿಮಗೆ ಉಳಿಯುವುದು ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಕಿರಣದ ಕೋಣೆಯಲ್ಲಿ ಎದೆಗೆ ಟಿ.ಎಲ್.ಡಿ. ಬ್ಯಾಡ್ಜ್ ಹಾಕಿಕೊಳ್ಳಬೇಕು. ಮೈಗೆ ತಗಲುವ ಪ್ರಮಾಣ ವರ್ಷಕ್ಕೆ 30 ಮಿಲಿಸೀವರ್ಟ್, ಐದು ವರ್ಷಕ್ಕೆ ಒಟ್ಟು 100 ಮೀರಬಾರದು. ಗರ್ಭಿಣಿಯಾದರೆ ತಿಳಿದ ಕೂಡಲೇ ಮೇಲಿನವರಿಗೆ ಹೇಳಬೇಕು.

ಇನ್ನು ಪಿಯುಸಿ. ಜಿ.ಎನ್.ಎಂ. ನರ್ಸಿಂಗ್‌ಗೆ ಆರ್ಟ್ಸ್ ಓದಿದವರೂ ಸೇರಬಹುದು. ಬಿ.ಎಸ್ಸಿ. ಇಮೇಜಿಂಗ್‌ಗೆ ವಿಜ್ಞಾನ, ಅದರಲ್ಲೂ ಭೌತಶಾಸ್ತ್ರ ಕೇಳುತ್ತಾರೆ. ಆರ್ಟ್ಸ್ ಓದಿ ನರ್ಸ್ ಆದವರಿಗೆ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಕಡೆ ವಿಚಾರಿಸುವುದು ಒಳ್ಳೆಯದು. ಏಜೆಂಟರ ಕೈಗೆ ಫೀಸ್ ಕೊಡುವ ಮೊದಲು ನಿಮ್ಮ ಮಾರ್ಕ್ಸ್ ಕಾರ್ಡ್ ತೆಗೆದು, ಆ ಕೋರ್ಸಿಗೆ ನೀವು ಅರ್ಹರೇ, ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ನೀವೇ ಹೋಗಿ ಕೇಳಿ ಬರ್ರಿ.