ಅಗ್ಗದ ಚಿಪ್‌ನಲ್ಲಿ ಏನಿಲ್ಲ?

ಪ್ರೊಸೆಸರ್ ಕೊಳ್ಳೋಕೆ ಹೋದವರು ಅಂಗಡಿಯಲ್ಲಿ ಮೊದಲು ಕೇಳೋದು, "ಇದರಲ್ಲಿ ಏನೇನಿದೆ?" ಅಂತ. ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್, ಎಷ್ಟು ಕ್ಯಾಶ್. ಕೈತುಂಬ ದುಡ್ಡಿದ್ದವರಿಗೆ ಅಷ್ಟು ಸಾಕು. ಬಜೆಟ್ ಬಿಗಿ ಇದೆ, ವಿಡಿಯೊ ಎಡಿಟಿಂಗೂ ಮಾಡಬೇಕು ಅನ್ನೋರು ಕೇಳಬೇಕಾದದ್ದು ಇದರ ಉಲ್ಟಾ: "ಇದರಲ್ಲಿ ಏನಿಲ್ಲ?" ಯಾಕಂದ್ರೆ ಅಗ್ಗದ ಚಿಪ್ ಅನ್ನೋದು ಬಹಳ ಸಲ ದುಬಾರಿ ಚಿಪ್ಪೇ. ಅದರಿಂದ ಏನನ್ನೋ ತೆಗೆದಿರುತ್ತಾರೆ, ಇಲ್ಲವೇ ಮುಚ್ಚಿಟ್ಟಿರುತ್ತಾರೆ. ಹೀಗೆ ತೆಗೆದದ್ದರ ಇತಿಹಾಸ ಗೊತ್ತಿದ್ದರೆ ಇವತ್ತಿನ ಆಯ್ಕೆ ಸ್ವಲ್ಪ ಸುಲಭವಾಗುತ್ತದೆ.

1991ರಿಂದ ಶುರು ಮಾಡೋಣ. ಆ ವರ್ಷ ಇಂಟೆಲ್ 486ಎಸ್‌ಎಕ್ಸ್ ಎಂಬ ಚಿಪ್ ತಂದಿತು. ಇದು ದುಬಾರಿ 486ಡಿಎಕ್ಸ್‌ನ ತಮ್ಮ. ವ್ಯತ್ಯಾಸ ಒಂದೇ: ದಶಾಂಶ ಲೆಕ್ಕ ಮಾಡುವ ಘಟಕ, ಅಂದರೆ ಎಫ್‌ಪಿಯು, ಇದರಲ್ಲಿ ಕೆಲಸ ಮಾಡುತ್ತಿರಲಿಲ್ಲ. ತಮಾಷೆ ಏನಂದ್ರೆ, ಮೊದಮೊದಲ ಚಿಪ್‌ಗಳಲ್ಲಿ ಆ ಘಟಕ ಇದ್ದೇ ಇತ್ತು, ಕಂಪನಿಯೇ ಅದನ್ನು ನಿಷ್ಕ್ರಿಯ ಮಾಡಿತ್ತು. ಆಮೇಲೆ ಬೇಕು ಅನಿಸಿದವರಿಗೆ 487ಎಸ್‌ಎಕ್ಸ್ ಅಂತ ಒಂದು 'ಸಹಾಯಕ ಚಿಪ್' ಮಾರುತ್ತಿದ್ದರು. ಅದು ಹೆಚ್ಚುಕಡಿಮೆ ಒಂದು ಪೂರ್ತಿ 486ಡಿಎಕ್ಸ್. ಬೋರ್ಡ್ ಮೇಲೆ ಕೂತ ಕೂಡಲೇ ಹಳೇ ಚಿಪ್ಪನ್ನು ಮಲಗಿಸಿ ಎಲ್ಲಾ ಕೆಲಸ ತಾನೇ ಮಾಡುತ್ತಿತ್ತು. ಚಿಪ್‌ಗಳ ಬೆಲೆಪಟ್ಟಿಯನ್ನು ಕಾರ್ಖಾನೆ ಮಾತ್ರ ಬರೆಯೋದಿಲ್ಲ, ಮಾರಾಟ ವಿಭಾಗವೂ ಬರೆಯುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1998ರ ಏಪ್ರಿಲ್‌ನಲ್ಲಿ ಬಂದ ಮೊದಲ ಸೆಲೆರಾನ್‌ನಲ್ಲಿ ತೆಗೆದದ್ದು ಎಲ್2 ಕ್ಯಾಶ್. ಕ್ಯಾಶ್ ಅಂದ್ರೆ ಒಲೆ ಪಕ್ಕದ ಒಗ್ಗರಣೆ ಡಬ್ಬಿ ಇದ್ದ ಹಾಗೆ. ಅದಿಲ್ಲದಿದ್ದರೆ ಸಾಸಿವೆಗೂ ಉಗ್ರಾಣಕ್ಕೆ ಓಡಬೇಕು. ಆ ಸೆಲೆರಾನ್ ಹಾಗೇ ಓಡಾಡಿ ಸುಸ್ತಾಗುತ್ತಿತ್ತು, ಹೆಸರೂ ಕೆಟ್ಟಿತು. ಅದೇ ಆಗಸ್ಟ್‌ನಲ್ಲಿ ಸೆಲೆರಾನ್ 300ಎ ಬಂತು. ಇದರಲ್ಲಿ ಕ್ಯಾಶ್ 128 ಕೆಬಿ ಮಾತ್ರ, ಪೆಂಟಿಯಂ 2ರಲ್ಲಿ 512 ಕೆಬಿ. ಆದರೆ ಪೆಂಟಿಯಂ 2ರ ಕ್ಯಾಶ್ ಪ್ರೊಸೆಸರ್‌ನ ಅರ್ಧ ವೇಗದಲ್ಲಿ ಓಡುತ್ತಿತ್ತು, ಸೆಲೆರಾನ್‌ನದು ಪೂರ್ತಿ ವೇಗದಲ್ಲಿ. ಜತೆಗೆ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಮೆಗಾಹರ್ಟ್ಸ್ ಚಿಪ್ 450ರಲ್ಲಿ ಓಡುತ್ತಿತ್ತು. ಎಲ್ಲಾ ಚಿಪ್ಪೂ ಅಲ್ಲ, ಆದರೆ ಬಹಳಷ್ಟು. ಮರುವರ್ಷ ಅಬಿಟ್ ಕಂಪನಿ ಬಿಪಿ6 ಎಂಬ ಮದರ್‌ಬೋರ್ಡ್ ತಂದು, ಒಂದೇ ಬೋರ್ಡ್ ಮೇಲೆ ಎರಡು ಸೆಲೆರಾನ್ ಕೂರಿಸುವ ದಾರಿ ತೋರಿಸಿತು. ಎರಡು ಪ್ರೊಸೆಸರ್ ಇರುವ ಯಂತ್ರ ಅಂದ್ರೆ ಅಲ್ಲಿಯವರೆಗೆ ದೊಡ್ಡ ಸ್ಟುಡಿಯೊಗಳ ಮಾತು.

ಇದೇ ಹೊತ್ತಿಗೆ ಡಿವಿ ಕ್ಯಾಮೆರಾ ಬಂದಿದ್ದು ಕಾಕತಾಳೀಯ, ಆದರೆ ಅಗ್ಗದ ಚಿಪ್‌ನವರಿಗೆ ಅದೃಷ್ಟ. 1995ರಲ್ಲಿ ಬಂದ ಡಿವಿ ಮಾದರಿಯಲ್ಲಿ ಪ್ರತಿ ಫ್ರೇಮೂ ಸ್ವತಂತ್ರ ಚಿತ್ರ. ಒಂದು ಗಂಟೆ ವಿಡಿಯೊಗೆ ಸುಮಾರು 13 ಜಿಬಿ ಡಿಸ್ಕ್ ಬೇಕು, ಆದರೆ ಬಿಡಿಸಿ ತೋರಿಸೋದು ಪ್ರೊಸೆಸರ್‌ಗೆ ಅಷ್ಟೊಂದು ಭಾರವಲ್ಲ. ಕತ್ತರಿಸು, ಜೋಡಿಸು ಅನ್ನೋ ಕೆಲಸ ಸಾಧಾರಣ ಚಿಪ್‌ನಲ್ಲೂ ನಡೆಯುತ್ತಿತ್ತು. ಟೈಟಲ್, ಡಿಸಾಲ್ವ್ ಹಾಕಿದಾಗ ಮಾತ್ರ ರೆಂಡರ್‌ಗೆ ಬಿಟ್ಟು ಕಾಫಿಗೆ ಹೋಗಬೇಕಿತ್ತು. ಅಂದರೆ ಸೆಲೆರಾನ್‌ನಲ್ಲಿ ಏನಿರಲಿಲ್ಲವೋ, ಅದು ಎಡಿಟರ್‌ಗೆ ಅಷ್ಟಾಗಿ ಬೇಕಿರಲಿಲ್ಲ.

ಈ ಲೆಕ್ಕ ತಲೆಕೆಳಗಾದದ್ದು ಎಚ್.264 ಬಂದ ಮೇಲೆ. 2003ರಲ್ಲಿ ಅದರ ಮಾನದಂಡ ಸಿದ್ಧವಾಯಿತು. 2008ರ ಕ್ಯಾನನ್ 5ಡಿ ಮಾರ್ಕ್ 2ರಂಥ ಸ್ಟಿಲ್ ಕ್ಯಾಮೆರಾಗಳೇ ಫುಲ್ ಎಚ್‌ಡಿ ವಿಡಿಯೊ ತೆಗೆಯತೊಡಗಿದವು. ಎಚ್.264 ಜಾಣತನ ಎಂಥದ್ದು ಅಂದ್ರೆ, ಅದು ಒಂದು ಚಿತ್ರವನ್ನು ಪೂರ್ತಿ ಬರೆದಿಟ್ಟು, ಮುಂದಿನ ಚಿತ್ರಗಳಲ್ಲಿ ಏನು ಬದಲಾಯಿತು ಅನ್ನೋದನ್ನಷ್ಟೇ ಬರೆಯುತ್ತೆ. ಫೈಲ್ ಚಿಕ್ಕದಾಯಿತು, ಪ್ರೊಸೆಸರ್‌ಗೆ ಪ್ರಾಣಸಂಕಟ ಶುರುವಾಯಿತು. ನಡುವಿನ ಒಂದು ಫ್ರೇಮ್ ತೋರಿಸಬೇಕಾದರೆ ಹಿಂದಿನ ಹಲವು ಫ್ರೇಮ್ ಬಿಡಿಸಬೇಕು. ಟೈಮ್‌ಲೈನ್‌ನಲ್ಲಿ ಹಿಂದೆ ಮುಂದೆ ಎಳೆದಾಡುವ ಎಡಿಟರ್‌ಗೆ ಇದು ಶಿಕ್ಷೆ.

ಇದಕ್ಕೆ ಎರಡು ಉತ್ತರ ಬಂದವು. ಒಂದು, ಕೋರ್ ಹೆಚ್ಚಿಸುವುದು. 2011ರಲ್ಲಿ ಎಎಂಡಿ ಎಫ್‌ಎಕ್ಸ್-8150 ತಂದು ಎಂಟು ಕೋರ್ ಅಂತ ಸಾರಿತು. ಇದರಲ್ಲಿ ಏನಿರಲಿಲ್ಲ? ಎರಡೆರಡು ಕೋರ್‌ಗಳಿಗೆ ಸೇರಿ ಒಂದೇ ಎಫ್‌ಪಿಯು. ಎಂಟು ಅನ್ನೋ ಲೆಕ್ಕ ಸರಿಯೇ ಅಂತ ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. 2019ರಲ್ಲಿ ಕಂಪನಿ 1.21 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ಎಎಂಡಿ ತನ್ನ ಪಾಠ ಕಲಿತಾಗಿತ್ತು. 2017ರ ಮಾರ್ಚ್‌ನಲ್ಲಿ ಬಂದ ರೈಝೆನ್ 7 1700ರಲ್ಲಿ ನಿಜವಾದ ಎಂಟು ಕೋರ್, ಬೆಲೆ 329 ಡಾಲರ್. ಆಗ ಇಂಟೆಲ್‌ನ ಎಂಟು ಕೋರ್ ಚಿಪ್‌ಗೆ ಸಾವಿರ ಡಾಲರ್ ದಾಟುತ್ತಿತ್ತು. ಹತ್ತು ವರ್ಷ ಸಾಮಾನ್ಯ ಗ್ರಾಹಕರಿಗೆ ನಾಲ್ಕೇ ಕೋರ್ ಬಡಿಸುತ್ತಿದ್ದ ಇಂಟೆಲ್, ಅದೇ ಅಕ್ಟೋಬರ್‌ನಲ್ಲಿ ಆರಕ್ಕೆ ಏರಿಸಿತು.

ಇನ್ನೊಂದು ಉತ್ತರ ಅಷ್ಟು ಸದ್ದು ಮಾಡಲಿಲ್ಲ. 2011ರ ಜನವರಿಯಲ್ಲಿ ಇಂಟೆಲ್ ತನ್ನ ಸ್ಯಾಂಡಿ ಬ್ರಿಜ್ ಚಿಪ್‌ಗಳಲ್ಲಿ ಕ್ವಿಕ್ ಸಿಂಕ್ ಎಂಬ ಪುಟ್ಟ ಘಟಕ ಇಟ್ಟಿತು. ವಿಡಿಯೊ ಬಿಡಿಸೋದು, ಮಡಚೋದು ಎರಡೇ ಅದರ ಕಸುಬು. ಆ ಘಟಕ ಕೂತಿದ್ದು ಚಿಪ್‌ನೊಳಗಿನ ಗ್ರಾಫಿಕ್ಸ್ ಭಾಗದಲ್ಲಿ. ಆಗ "ನಮಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆಯಲ್ಲ, ಚಿಪ್‌ನೊಳಗಿನದು ಯಾರಿಗೆ ಬೇಕು" ಅಂದವರೇ ಹೆಚ್ಚು. 2019ರಿಂದ ಇಂಟೆಲ್ ಆ ಗ್ರಾಫಿಕ್ಸ್ ಮುಚ್ಚಿದ ಚಿಪ್‌ಗಳನ್ನೂ ಮಾರತೊಡಗಿತು. ಹೆಸರಿನ ಕೊನೆಗೆ 'ಎಫ್' ಅಕ್ಷರ, ಬೆಲೆ ಸಾಮಾನ್ಯವಾಗಿ ಕೊಂಚ ಕಡಿಮೆ. 486ಎಸ್‌ಎಕ್ಸ್ ಕಥೆಯೇ ಮತ್ತೆ, ಹೆಸರು ಮಾತ್ರ ಬೇರೆ.

ಗೇಮ್ ಆಡುವವರಿಗೆ ಎಫ್ ಚಿಪ್‌ನಿಂದ ನಷ್ಟವಿಲ್ಲ. ಎಡಿಟಿಂಗ್ ಮಾಡುವವರ ಕಥೆ ಕ್ಯಾಮೆರಾ ಮೇಲೆ ನಿಂತಿದೆ. 2020ರಲ್ಲಿ ಬಂದ ಸೋನಿ ಎ7ಎಸ್ 3, ಕ್ಯಾನನ್ ಆರ್5ರಂಥ ಕ್ಯಾಮೆರಾಗಳು ಎಚ್‌ಇವಿಸಿಯಲ್ಲಿ 10-ಬಿಟ್ 4:2:2 ಎಂಬ, ಬಣ್ಣದ ವಿವರ ಹೆಚ್ಚಿರುವ ಫೈಲ್ ಕೊಡುತ್ತವೆ. ಇದನ್ನು ಸಲೀಸಾಗಿ ಬಿಡಿಸುವ ಘಟಕ 2021ರ ಇಂಟೆಲ್ 11ನೇ ಪೀಳಿಗೆಯಿಂದಲೇ ಡೆಸ್ಕ್‌ಟಾಪ್ ಚಿಪ್‌ನೊಳಗಿನ ಗ್ರಾಫಿಕ್ಸ್‌ನಲ್ಲಿದೆ. ಎನ್‌ವಿಡಿಯಾ ಕಾರ್ಡ್‌ಗಳಿಗೆ ಅದು ಬಂದದ್ದು 2025ರ 50 ಸರಣಿಯಲ್ಲಿ. ನಡುವಿನ ಆ ವರ್ಷಗಳ ಕಾರ್ಡ್ ಹಾಕಿ, ಚಿಲ್ಲರೆ ಉಳಿಸೋಕೆ ಎಫ್ ಚಿಪ್ ಕೊಂಡವರ ಟೈಮ್‌ಲೈನ್, ಪೀಣ್ಯ ಫ್ಲೈಓವರ್ ಮೇಲಿನ ಸಂಜೆ ಟ್ರಾಫಿಕ್ ಹಾಗೆ ನಿಂತು ನಿಂತು ಸಾಗುತ್ತದೆ.

ಹಾಗಾಗಿ ಎಸ್‌ಪಿ ರೋಡಿಗೆ ಹೋಗುವ ಮುಂಚೆ ಪ್ರೊಸೆಸರ್ ರಿವ್ಯೂಗಿಂತ ಮೊದಲು ನಿಮ್ಮದೇ ಒಂದು ಕ್ಲಿಪ್‌ನ ಮಾಹಿತಿ ತೆರೆದು ನೋಡಿ. ಯಾವ ಕೋಡೆಕ್, ಎಷ್ಟು ಬಿಟ್, 4:2:0 ಇದೆಯೋ 4:2:2 ಇದೆಯೋ. ಮಾಮೂಲಿ 4:2:0 ಆದರೆ ಎಎಂಡಿಯೋ ಇಂಟೆಲ್ಲೋ, ಒಳ್ಳೆ ಬೆಲೆಗೆ ಸಿಕ್ಕ ಆರು ಕೋರ್ ಚಿಪ್ ಜತೆಗೆ ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಸಾಕು. 4:2:2 ಆದರೆ ಎಫ್ ಇಲ್ಲದ ಇಂಟೆಲ್ ಕಡೆ ನೋಡಿ. ಯಾವುದೇ ಆದರೂ ದೊಡ್ಡ ಚಿಪ್ ಕೊಂಡು 8 ಜಿಬಿ ರ‍್ಯಾಮ್‌ಗೆ ನಿಲ್ಲಿಸಬೇಡಿ. ಅದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಅದಕ್ಕೂ ದುಡ್ಡಿಲ್ಲ, ಇರುವ ಹಳೇ ಯಂತ್ರದಲ್ಲೇ ಕೆಲಸ ಮುಗಿಸಬೇಕು ಅನ್ನೋರಿಗೆ ಹಾಲಿವುಡ್‌ನ ಹಳೇ ದಾರಿ ಒಂದಿದೆ. ವಾಲ್ಟರ್ ಮರ್ಚ್ 1996ರ 'ದಿ ಇಂಗ್ಲಿಷ್ ಪೇಶಂಟ್' ಚಿತ್ರವನ್ನು ಆವಿಡ್ ಯಂತ್ರದಲ್ಲಿ ಸಂಕಲಿಸಿ ಆಸ್ಕರ್ ಪಡೆದರು. ಅಂದಿನ ಕಂಪ್ಯೂಟರ್‌ಗೆ ಸಿನಿಮಾ ಗುಣಮಟ್ಟದ ಚಿತ್ರ ಹೊರುವ ಶಕ್ತಿ ಎಲ್ಲಿತ್ತು? ತೆರೆ ಮೇಲೆ ಇದ್ದದ್ದು ಕಡಿಮೆ ಗುಣಮಟ್ಟದ ನಕಲು. ನಿರ್ಧಾರಗಳೆಲ್ಲ ನಕಲಿನ ಮೇಲೆ, ಕೊನೆಗೆ ಆ ಪ್ರಕಾರ ಕತ್ತರಿಸಿದ್ದು ಅಸಲಿ ಫಿಲ್ಮ್. ಇವತ್ತಿನ ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೆ ಪ್ರಾಕ್ಸಿ ಅಂತ ಹೆಸರು. ರಾತ್ರಿ ಮಲಗುವ ಮುಂಚೆ ಪ್ರಾಕ್ಸಿ ಮಾಡೋಕೆ ಬಿಟ್ಟರೆ, ಬೆಳಗ್ಗೆ ಹಳೇ ಐ5 ಲ್ಯಾಪ್‌ಟಾಪ್‌ನಲ್ಲೂ ಮದುವೆ ವಿಡಿಯೊ ಕತ್ತರಿಸಬಹುದು. ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ಕಾಯಬೇಕು, ನಿಜ. ಆದರೆ ಕಾಯೋಕೆ ಇಎಂಐ ಕಟ್ಟಬೇಕಿಲ್ಲ.